ಹದಿನೆಂಟು ಯೂನಿಟ್

ಆಗಸ್ಟ್ ೪, ಸೋಮವಾರ

ಇವತ್ತು ನಮ್ಮ ಮೀಟರ್ ರೀಡಿಂಗ್ ಪುಸ್ತಕಗಳನ್ನೆಲ್ಲ ವಾಪಸ್ ತೆಗೆದುಕೊಂಡರು. ಇಪ್ಪತ್ನಾಲ್ಕು ವರ್ಷ ಕಂಕುಳಲ್ಲಿ ಇಟ್ಟುಕೊಂಡು ತಿರುಗಿದ್ದು. ಸ್ಟೋರ್ ಕೀಪರ್ ನನ್ನದನ್ನು ಹಳೇ ಚಪ್ಪಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ಮೂಲೆಗೆ ಎಸೆದ. ಒಂದಕ್ಷರ ಬರೆಯದ ಹೊಸ ಪುಸ್ತಕವೊಂದು ನನ್ನ ಚೀಲದಲ್ಲೇ ಇತ್ತು. ಅದನ್ನು ಕೊಡಲಿಲ್ಲ, ಅವನೂ ಕೇಳಲಿಲ್ಲ. ಸಂಜೆ ಹೊತ್ತು ಏನಾದರೂ ಗೀಚದಿದ್ದರೆ ಕೈಗೆ ಸಮಾಧಾನವಿಲ್ಲ, ಅದಕ್ಕೇ ಇದರಲ್ಲಿ ಬರೆಯುತ್ತಿದ್ದೇನೆ. 'ಹಿಂದಿನ ರೀಡಿಂಗ್', 'ಈಗಿನ ರೀಡಿಂಗ್' ಎಂಬ ಕಲಂಗಳ ಮೇಲೇ ಬರೆದುಕೊಂಡು ಹೋಗುವುದು. ಇದನ್ನು ಯಾರು ಓದಬೇಕು.

ನಾಳೆಯಿಂದ ಹಳೆಯ ನೀರಿನ ಮೀಟರುಗಳನ್ನು ಕಿತ್ತು ಹೊಸದು ಹಾಕುವ ಕೆಲಸ. ನನ್ನ ಬೀದಿಗಳಲ್ಲೇ ನಾನೂರ ಹನ್ನೆರಡು ಮನೆ. ಹೊಸ ಮೀಟರಿನ ಒಳಗೆ ಚಕ್ರವೇ ಇಲ್ಲವಂತೆ. ಶಬ್ದದ ಅಲೆ ಕಳಿಸಿ, ಎಷ್ಟು ನೀರು ಹರಿಯಿತು ಎಂದು ತಾನೇ ಲೆಕ್ಕ ಹಾಕಿ, ಗಂಟೆಗೊಮ್ಮೆ ಆಫೀಸಿನ ಕಂಪ್ಯೂಟರಿಗೆ ತಾನೇ ಹೇಳುತ್ತದಂತೆ. ಮನೆಯವರ ಮೊಬೈಲಿಗೂ ಹೇಳುತ್ತದಂತೆ. ಬಾಗಿಲಿಗೆ ಹೋಗಿ ಬಗ್ಗಿ ನೋಡುವವರು ಇನ್ನು ಬೇಡ. ಅಂದರೆ ನಾನು ಬೇಡ. ನನ್ನ ಕೆಲಸ ಕಿತ್ತುಕೊಳ್ಳುವ ವಸ್ತುವನ್ನು ಮನೆಮನೆಗೆ ನಾನೇ ಹೊತ್ತುಕೊಂಡು ಹೋಗಿ ಕೂರಿಸಬೇಕು, ಯಾಕೆಂದರೆ ಯಾವ ಮೀಟರ್ ಯಾವ ಹೂಕುಂಡದ ಕೆಳಗಿದೆ ಎಂದು ಗೊತ್ತಿರುವುದು ನನಗೊಬ್ಬಳಿಗೇ.

ಸೆಕ್ಷನ್ ಆಫೀಸರ್ ಮಾತ್ರ ಸಮಾಧಾನದ ಮಾತಾಡಿದರು. ಮೂವತ್ತೊಂದು ಜನ ರೀಡರ್‌ಗಳಲ್ಲಿ ನಾಲ್ವರಿಗೆ ಕಂಟ್ರೋಲ್ ರೂಮಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರಂತೆ. ಉಳಿದವರು ಬೀದಿ ವಾಲ್ವ್ ತಿರುಗಿಸಲಿಕ್ಕೆ. "ನಿಮ್ಮ ರೆಕಾರ್ಡಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲಮ್ಮ. ಒಂದು ಕುರ್ಚಿ ನಿಮ್ಮದೇ ಅಂದ್ಕೊಳ್ಳಿ" ಎಂದರು. ಕುರ್ಚಿ! ನನ್ನ ಹಿಮ್ಮಡಿ ನೋವಿಗೆ ಇದಕ್ಕಿಂತ ಒಳ್ಳೆಯ ಔಷಧಿ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ನಿವೃತ್ತಿಗೆ ಇನ್ನು ಮೂರು ವರ್ಷ, ಕೂತೇ ಕಳೆದುಬಿಡಬಹುದು.

ಮನೆಗೆ ಬಂದರೆ ಗ್ಯಾಸ್ ಮುಗಿದಿದೆ. ಸಿಲಿಂಡರಿನ ಮೇಲೆ ನಾನೇ ಚಾಕ್‌ಪೀಸಿನಲ್ಲಿ ತಾರೀಖು ಬರೆದಿಟ್ಟಿದ್ದೆ. ಇಪ್ಪತ್ತಾರೇ ದಿನ. ನನ್ನೊಬ್ಬಳ ಕೈಯಲ್ಲಿ ಒಲೆ ಇದ್ದಾಗ ನಲವತ್ತು ದಿನ ಬರುತ್ತಿತ್ತು. ಮಗನ ಮದುವೆಯಾಗಿ ಒಂದು ವರ್ಷವಾಯಿತು. ಯಾರು ಉರಿಸುತ್ತಾರೆ ಎಂದು ಬಾಯಿಬಿಟ್ಟು ಹೇಳಬೇಕೇ.

ಆಗಸ್ಟ್ ೭, ಗುರುವಾರ

ಗುತ್ತಿಗೆದಾರರ ಕಡೆಯ ಫಿಟ್ಟರ್ ಒಬ್ಬ ನನಗೆ ಜೋಡಿ. ನಲವತ್ತೈದರ ಆಸುಪಾಸು, ಬಾಯಿ ಸುಮ್ಮನಿರುವುದಿಲ್ಲ. ಪೈಪಿಗೆ ಸುತ್ತುವ ಬಿಳಿ ಟೇಪಿನ ಸುರುಳಿಯನ್ನು ಹೆಬ್ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡೇ ಊಟ ಮಾಡುತ್ತಾನೆ. ಮೂರೇ ದಿನಕ್ಕೆ ಬೀದಿಯವರು ಅವನಿಗೆ ಟೇಪಣ್ಣ ಎಂದು ಹೆಸರಿಟ್ಟರು. ನನಗೆ ಮೀಟರಮ್ಮ ಎಂದು ಹೆಸರಿಟ್ಟವರೂ ಇದೇ ಪುಣ್ಯಾತ್ಮರು, ಅದಕ್ಕೆ ಇಪ್ಪತ್ತು ವರ್ಷವಾಗಿದೆ.

ಕೆಲಸ ಕಷ್ಟದ್ದಲ್ಲ, ಸುಸ್ತಿನದು. ವಾಲ್ವ್ ಮುಚ್ಚಬೇಕು, ಎರಡು ನಟ್ಟು ಬಿಚ್ಚಬೇಕು, ಹಳೆಯದನ್ನು ಎತ್ತಬೇಕು, ಹೊಸ ವಾಷರ್ ಕೂರಿಸಿ, ಬಾಣದ ಗುರುತು ನೀರು ಹೋಗುವ ಕಡೆ ಇದೆಯೇ ನೋಡಿ ಹೊಸದನ್ನು ಬಿಗಿಯಬೇಕು. ಆಮೇಲೆ ಫೋನಿನ ಸೇವೆ. ಹಳೆಯ ಮೀಟರಿನ ಕೊನೆಯ ಅಂಕಿಯ ಫೋಟೊ, ಆ ಅಂಕಿ, ಹೊಸ ಮೀಟರಿನ ನಂಬರು, ಮನೆಯವರ ಸಹಿ. ಹಳೆಯ ಅಂಕಿ ನಮ್ಮ ಪುಸ್ತಕದ ಕೊನೆಯ ಅಂಕಿಗಿಂತ ಕಡಿಮೆ ಬಂದರೆ ಫೋನು ಕೆಂಪಗಾಗಿ ಮುಷ್ಕರ ಹೂಡುತ್ತದೆ. ಮೀಟರ್ ಹಿಂದಕ್ಕೆ ಓಡುವುದಿಲ್ಲವಲ್ಲ. ಇವತ್ತು ಒಂದು ಮನೆಯಲ್ಲಿ ಹಾಗೆ ನಿಂತಿತು. ನೋಡಿದರೆ ಟೇಪಣ್ಣ ಒಂದು ಸೊನ್ನೆ ಕಡಿಮೆ ಒತ್ತಿದ್ದ.

"ಯಾಕಕ್ಕ, ಮುಖ ಬೆಳ್ಳಗಾಯ್ತು?" ಎಂದ.

"ಬಿಸಿಲು" ಎಂದೆ. ನಾವಿದ್ದದ್ದು ಬಚ್ಚಲುಮನೆಯಲ್ಲಿ.

ಆಗಸ್ಟ್ ೧೨, ಮಂಗಳವಾರ

ಹದಿನೇಳು ಮೀಟರ್. ಎರಡು ಕಡೆ ನಟ್ಟು ತುಕ್ಕು ಹಿಡಿದು ಅಲುಗಲಿಲ್ಲ. ಒಂದು ಮನೆಯ ಯಜಮಾನ, "ಹಳೇ ಮೀಟರ್ ನಮ್ಮಪ್ಪನ ಕಾಲದ್ದು, ಬಿಡೋಲ್ಲ" ಎಂದು ಗುಂಡಿಯ ಮೇಲೆ ಕುರ್ಚಿ ಹಾಕಿ ಕೂತ. ಅವನನ್ನು ಎಬ್ಬಿಸಲು ಮುಕ್ಕಾಲು ಗಂಟೆ.

ಸೊಸೆ ಔಷಧಿ ಅಂಗಡಿಯಿಂದ ಬರುವಷ್ಟರಲ್ಲಿ ಏಳೂವರೆ. ಬಿಲ್ ಹಾಕುತ್ತಾ ಎಂಟು ಗಂಟೆ ನಿಂತೇ ಇರಬೇಕಂತೆ, ಕಾಲು ಬೀಳುತ್ತದಂತೆ. ನಾನು ಇಪ್ಪತ್ನಾಲ್ಕು ವರ್ಷ ನಿಂತದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಬಂದವಳೇ ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟಳು. ಗ್ಯಾಸ್ ಎಲ್ಲಿಗೆ ಹೋಗುತ್ತದೆ ಎಂದರೆ ಹೀಗೇ ಹೋಗುತ್ತದೆ. ಪಾತ್ರೆಯನ್ನು ಸ್ವಲ್ಪ ಜೋರಾಗಿ ಸರಿಸಿದೆ, ಅಷ್ಟೇ.

ಆಗಸ್ಟ್ ೧೯, ಮಂಗಳವಾರ

ಕಂಡಕ್ಟರ್ ಮನೆ.

ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಮನೆಯಲ್ಲಿ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುವ ಮಗ, ಸೊಸೆ, ಮೂರು ವರ್ಷದ ಮೊಮ್ಮಗ. ಮೀಟರು ಗೇಟಿನ ಪಕ್ಕದ ಗುಂಡಿಯಲ್ಲಿದೆ, ಮೇಲೆ ಚಪ್ಪಡಿ ಕಲ್ಲು. "ಈ ಮನೆ ನಾಳೆ ಮಾಡೋಣ" ಎಂದೆ.

"ನಾಳೆಗೆ ಕಲ್ಲು ಹಗುರ ಆಗುತ್ತಾ ಅಕ್ಕ?" ಎಂದ ಟೇಪಣ್ಣ.

ನೀರು ನಿಲ್ಲಿಸೋಣವೆಂದು ನೋಡಿದರೆ ವಾಲ್ವಿಗೆ ಸರಪಳಿ ಸುತ್ತಿ ಬೀಗ ಹಾಕಿದೆ. ಕಂಡಕ್ಟರು ಅಂಗಿಯ ಜೇಬಿನಿಂದ ಕೀ ತೆಗೆದರು.

"ಇದೇನು ಸಾರ್, ನೀರಿಗೆ ಬೀಗ?"

"ಏನು ಮಾಡೋದು ಮೀಟರಮ್ಮ? ನಿಮ್ಮ ಬಿಲ್ ಚೀಟೀನೇ ಹೇಳುತ್ತಲ್ಲ. ನಾನು, ನನ್ನ ಮಗ ಇಬ್ಬರೇ ಇದ್ದಾಗ ತಿಂಗಳಿಗೆ ಐದು ಯೂನಿಟ್, ಅಂದ್ರೆ ಐದು ಸಾವಿರ ಲೀಟರ್. ಇವಳು ಕಾಲಿಟ್ಟ ತಿಂಗಳು ಹದಿನೆಂಟು. ಸರಿ, ಮದುವೆ ಮನೆ, ನೆಂಟರು ಅಂತ ಸುಮ್ಮನಾದೆ. ಮುಂದಿನ ತಿಂಗಳೂ ಹದಿನೆಂಟು. ನಾಲ್ಕು ವರ್ಷದಿಂದ ಹದಿನೆಂಟು! ಬಾಯಲ್ಲಿ ಹೇಳಿ ನೋಡಿದೆ. ಒಂದೂವರೆ ವರ್ಷದ ಹಿಂದೆ ಬೀಗ ಹಾಕಿದೆ. ಬೆಳಿಗ್ಗೆ ಒಂದು ಗಂಟೆ ಬಿಡ್ತೀನಿ, ಹಿಡಿದಿಟ್ಕೊಳ್ಳಲಿ. ಆದ್ರೂ ಹದಿನೆಂಟೇ ಬರುತ್ತೆ ಅಂದ್ರೆ? ಎಲ್ಲೋ ಕಳ್ಳ ಕೀ ಮಾಡಿಸಿದ್ದಾಳೆ. ಪೆಟ್ಟಿಗೆ, ಬ್ಯಾಗು ಎಲ್ಲಾ ತೆಗೆಸಿ ನೋಡಿದೆ, ಸಿಗಲಿಲ್ಲ. ದುಡ್ಡಿನ ಮಾತಲ್ಲ ಇದು. ಸುಳ್ಳು ಹೇಳ್ತಾಳಲ್ಲ, ಅದು ನಂಗೆ ತಡೆಯೋಕಾಗಲ್ಲ."

ಸೊಸೆ ಬಾಗಿಲಲ್ಲೇ ನಿಂತಿದ್ದಳು, ಸೊಂಟದ ಮೇಲೆ ಮಗು. ಎಲ್ಲ ಕೇಳಿಸಿಕೊಂಡಳು. ಬೇರೆ ಯಾರದೋ ವಿಷಯ ಎನ್ನುವ ಹಾಗೆ ಒಳಗೆ ಹೋದಳು.

ಕಂಡಕ್ಟರು ಜಗಲಿಗೆ ಹೋಗಿ ಕೂತರು. ಟೇಪಣ್ಣ ಹಾರೆ ಹಾಕಿ ಕಲ್ಲೆತ್ತಿದ. ಮಣ್ಣು ಒರೆಸಿ ಓದಿದ. ಸಾವಿರದ ಐನೂರ ಎಪ್ಪತ್ತೊಂದು. ಫೋಟೊ ತೆಗೆದು ಅಂಕಿ ಒತ್ತಿದ. ಫೋನು ಕೆಂಪಗಾಯಿತು. ನನ್ನ ಪುಸ್ತಕದಲ್ಲಿದ್ದದ್ದು ಎರಡು ಸಾವಿರದ ಎಪ್ಪತ್ತನಾಲ್ಕು.

ಮತ್ತೆ ಒತ್ತಿದ. ಮತ್ತೆ ಕೆಂಪು. ಆಮೇಲೆ ನನ್ನ ಮುಖ ನೋಡಿದ. "ಅಕ್ಕ, ಐನೂರು ಯೂನಿಟ್ ಹಿಂದಕ್ಕೆ ಓಡಿದೆ."

ನಾನು ಜಗಲಿಯ ಕಡೆ ನೋಡಿದೆ. ಅವನಿಗೆ ಅರ್ಥವಾಯಿತು. ಇಂಥದ್ದನ್ನು ಅವನು ಬೇರೆ ಬೀದಿಗಳಲ್ಲೂ ನೋಡಿದ್ದಾನಂತೆ. ಡಯಲ್ ಒಡೆದಿದ್ದರೆ ಅಂಕಿ ಬೇಕಿಲ್ಲ, ಅದಕ್ಕೆ ಫೋನಿನಲ್ಲಿ ಬೇರೆಯೇ ಗುಂಡಿ ಇದೆ. ಗಾಜು ಒಡೆಯಿತು. ಮತ್ತೆ ಫೋಟೊ ತೆಗೆದು 'ಡಯಲ್ ಒಡೆದಿದೆ' ಎಂದು ಒತ್ತಿದೆವು. ಫೋನು ಹಸಿರಾಯಿತು. ಕಂಡಕ್ಟರು ಕನ್ನಡಕ ಹಾಕಿಕೊಂಡು ಸಹಿ ಮಾಡಿ, "ಇನ್ಮೇಲೆ ಗಂಟೆ ಗಂಟೆಗೂ ಗೊತ್ತಾಗುತ್ತೆ ಅಲ್ವಾ? ಸತ್ಯ ಹೊರಗೆ ಬರುತ್ತೆ ಬಿಡಿ" ಎಂದರು.

ಆಗಸ್ಟ್ ೨೦, ಬುಧವಾರ

ಹದಿನಾಲ್ಕು ಮೀಟರ್. ಬರೆಯುವಂಥದ್ದು ಏನೂ ಇಲ್ಲ.

ಆಗಸ್ಟ್ ೨೫, ಸೋಮವಾರ

ಗಾಜು ತಾನಾಗಿ ಒಡೆಯಲಿಲ್ಲ. ಸುತ್ತಿಗೆ ನನ್ನ ಕೈಯಲ್ಲಿತ್ತು. ಟೇಪಣ್ಣ ಹೊಡೆಯಲು ಹೋದ, ನಾನೇ ಕಸಿದುಕೊಂಡು ಹೊಡೆದೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದೆನಲ್ಲ, ನಾಚಿಕೆಯಾಗಬೇಕು.

ಕಂಡಕ್ಟರ್ ಮಗನ ಮದುವೆ ಆದ ತಿಂಗಳು ನಾನು ಆ ಕಲ್ಲು ಎತ್ತಿದ್ದೆ. ಮನೆ ತುಂಬ ನೆಂಟರು, ಹದಿನೆಂಟು ಯೂನಿಟ್. ಅದು ನಿಜವಾದ ಅಂಕಿ. ಮುಂದಿನ ತಿಂಗಳ ಹೊತ್ತಿಗೆ ನನ್ನ ಹಿಮ್ಮಡಿ ನೋವು ಶುರುವಾಗಿತ್ತು. ಕಾಲೂರಿ ಕಲ್ಲು ಎತ್ತುವುದು ಆಗುತ್ತಿರಲಿಲ್ಲ. ಆ ಹೊತ್ತಲ್ಲಿ ಗೇಟಿನ ಹತ್ತಿರ ಯಾರೂ ಇರಲಿಲ್ಲ. ಇದೊಂದು ತಿಂಗಳು ಅಂದಾಜು ಬರೆದು, ಮುಂದಿನ ತಿಂಗಳು ಕಲ್ಲೆತ್ತಿ ಸರಿಮಾಡಿದರಾಯಿತು ಎಂದು ಹದಿನೆಂಟು ಕೂಡಿಸಿದೆ. ಮುಂದಿನ ತಿಂಗಳೂ ಹಾಗೇ ಆಯಿತು. ನಾಲ್ಕು ತಿಂಗಳಾದ ಮೇಲೆ ಸರಿಮಾಡುವುದಕ್ಕೆ ಹೆದರಿಕೆ ಶುರುವಾಯಿತು. ಅಂಕಿ ಒಮ್ಮೆಗೇ ಹಿಂದಕ್ಕೆ ಬಂದರೆ ಕೇಳುತ್ತಾರಲ್ಲ. ಹದಿನೆಂಟರ ಮೇಲೆ ಹದಿನೆಂಟು ಹಾಕುತ್ತಾ ಹೋದೆ. ಎಲ್ಲ ರೀಡರುಗಳೂ ಎಲ್ಲೋ ಒಂದೆರಡು ಕಡೆ ಹೀಗೆ ಮಾಡಿರುತ್ತಾರೆ. ಒಂದಲ್ಲ ಒಂದು ದಿನ ಯಾರಾದರೂ ಬಂದು ಚೀಟಿ ಜಾಸ್ತಿ ಬರುತ್ತಿದೆ ಎಂದು ಜಗಳ ತೆಗೆಯುತ್ತಾರೆ, ಆಗ ನೋಡಿಕೊಳ್ಳೋಣ ಎಂದುಕೊಂಡಿದ್ದೆ.

ಆ ಮನೆಯಿಂದ ಯಾರೂ ಜಗಳಕ್ಕೆ ಬರಲಿಲ್ಲ. ಅಚ್ಚಾದ ಚೀಟಿಯನ್ನು ಕಂಡಕ್ಟರು ನಂಬಿದರು. ಜಗಳ ಮನೆಯೊಳಗೇ ನಡೆಯಿತು. ಅದು ನನಗೆ ಗೊತ್ತಿರಲಿಲ್ಲ ಎಂದು ಬರೆದುಕೊಳ್ಳುತ್ತೇನೆ. ಗೊತ್ತಿದ್ದರೆ ಕಲ್ಲೆತ್ತುತ್ತಿದ್ದೆನೇ.

ಕೂತು ಲೆಕ್ಕ ಹಾಕಿದೆ. ಆ ಮನೆಯವರು ಬಳಸಿದ್ದು ತಿಂಗಳಿಗೆ ಏಳೂವರೆ. ಕೂಸಿರುವ ಮನೆಗೆ ಅದು ಏನೇನೂ ಅಲ್ಲ.

ಸೆಪ್ಟೆಂಬರ್ ೨, ಮಂಗಳವಾರ

ಇನ್ನು ಮೂವತ್ತೆರಡು ಮನೆ ಬಾಕಿ. ಕಿತ್ತ ಮೀಟರುಗಳನ್ನು ಮೂಟೆ ಕಟ್ಟಿ ಗುಜರಿ ಲಾರಿಗೆ ಹಾಕಿದರು. ಹಿತ್ತಾಳೆ ಸದ್ದು ಮಾಡುತ್ತಾ ಹೋಯಿತು. ಅದರಲ್ಲಿ ಒಂದರ ಗಾಜು ಒಡೆದಿದೆ, ಇನ್ನು ಯಾರು ಹುಡುಕುತ್ತಾರೆ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಸೆಕ್ಷನ್ ಆಫೀಸರ್ ಕರೆದು, ಪಟ್ಟಿಯಲ್ಲಿ ನನ್ನ ಹೆಸರು ಎರಡನೆಯದು ಎಂದರು. ಹದಿನೈದನೇ ತಾರೀಖಿಗೆ ಆರ್ಡರ್ ಬರುತ್ತದಂತೆ. ಕಂಟ್ರೋಲ್ ರೂಮಿನ ಕುರ್ಚಿಯನ್ನೂ ತೋರಿಸಿದರು. ತಿರುಗುವ ಕುರ್ಚಿ, ಕಾಲಿಡಲು ಕೆಳಗೆ ಸಣ್ಣ ಹಲಗೆ ಬೇರೆ.

ಮನೆಗೆ ಬಂದಾಗ ಕಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ಸೊಸೆ ದೊಡ್ಡ ಪಾತ್ರೆಯ ಬಿಸಿನೀರನ್ನು ಟಬ್ಬಿಗೆ ಸುರಿದು ತಂದು ನನ್ನ ಮುಂದಿಟ್ಟಳು. "ನಿಮಗೆ ಅಂತಲೇ ಕಾಯಿಸೋದು ಅತ್ತೆ. ನೀವು ದಿನಾ ತಣ್ಣೀರು ಹಾಕ್ಕೊಂಡು ಮಲಗಿಬಿಡ್ತೀರ" ಎಂದಳು. ನನಗೆ ಅಂತಲೇ ಅಂತೆ. ಅಷ್ಟು ದಿನದಿಂದ ಬಾಯಿಬಿಟ್ಟು ಹೇಳಬಾರದಿತ್ತೇ. ನಾನಾದರೂ ಕೇಳಬಹುದಿತ್ತು, ಅದು ಬೇರೆ ಮಾತು. ಅರ್ಧ ಗಂಟೆ ಕಾಲಿಟ್ಟುಕೊಂಡು ಕೂತೆ. ಸುಖವಾಗಿತ್ತು.

ಸೆಪ್ಟೆಂಬರ್ ೮, ಸೋಮವಾರ

ಕಂಡಕ್ಟರು ಆಫೀಸಿಗೆ ಫೋನು ಮಾಡಿ ಮೀಟರಮ್ಮನನ್ನೇ ಕಳಿಸಿ ಎಂದರಂತೆ. ಮೊಬೈಲಿನಲ್ಲಿ ಅಕ್ಷರ ಸಣ್ಣದಾಗಿ ಕಾಣುತ್ತದೆ, ದೊಡ್ಡದು ಮಾಡಿಕೊಡಬೇಕಂತೆ. ಹೋದೆ. ಹೋಗದೆ ಏನು ನೆಪ ಹೇಳಲಿ.

ಮುಂಚೆ ಅವರಿಗೆ ತಿಂಗಳಿಗೊಂದು ಚೀಟಿ ಸಿಗುತ್ತಿತ್ತು. ಈಗ ಗಂಟೆಗೊಂದು ಗೆರೆ ಸಿಗುತ್ತದೆ. ಮೇಜಿನ ಮೇಲೆ ಮೊಬೈಲನ್ನು ಒರಗಿಸಿಟ್ಟುಕೊಂಡು ಎದುರಿಗೆ ಕೂತಿದ್ದಾರೆ. ನಾನಿದ್ದಾಗಲೇ ಒಳಗೆ ಕೂಗಿ ಕೇಳಿದರು, "ಆರರಿಂದ ಏಳರೊಳಗೆ ನಲವತ್ತು ಲೀಟರ್ ಹೋಗಿದೆ. ಏನಮ್ಮ ಅದು?"

"ಮಗು ಹಾಸಿಗೆ ಒದ್ದೆ ಮಾಡಿತ್ತು ಮಾವ, ಬಟ್ಟೆ ಒಗೆದೆ" ಎಂದಿತು ಒಳಗಿನ ದನಿ.

ಆಮೇಲೆ ನನ್ನ ಕಡೆ ತಿರುಗಿದರು. "ನೋಡಿ ಮೀಟರಮ್ಮ, ಇಪ್ಪತ್ತು ದಿನಕ್ಕೆ ಐದು ಯೂನಿಟ್! ಹದಿನೆಂಟು ಎಲ್ಲಿ ಹೋಯ್ತು? ನಾನು ಕಾಯ್ತಾ ಇದ್ದೀನಿ ಅಂತ ಗೊತ್ತಾದ ತಕ್ಷಣ ನಿಂತೋಯ್ತು. ಅಂದ್ರೆ ನಾಲ್ಕು ವರ್ಷ ಬೇಕಂತಲೇ ಚೆಲ್ಲಿದ್ದಾಳೆ. ಕಳ್ಳ ಕೀ ಇದ್ದದ್ದೂ ನಿಜ. ಇನ್ನು ನಂಗೆ ಅನುಮಾನವೇ ಇಲ್ಲ."

ಅವಳ ತವರಿಗೆ ಫೋನು ಮಾಡಿದ್ದಾರೆ. ಗುರುವಾರ ಅವಳಣ್ಣ ಬಂದು ಕರೆದುಕೊಂಡು ಹೋಗುತ್ತಾನೆ. ಮಗು ಇಲ್ಲೇ ಇರುತ್ತದೆ. ತಪ್ಪೊಪ್ಪಿಕೊಂಡು ಕಾಗದ ಬರೆದುಕೊಟ್ಟರೆ ವಾಪಸ್ ಬರಬಹುದು, ಇಲ್ಲದಿದ್ದರೆ ಇಲ್ಲ. ಮಗ ಏನಂದ ಎಂದು ಕೇಳಿದೆ. "ಅವನೇನಂತಾನೆ? ಲೆಕ್ಕ ಕಣ್ಣೆದುರಿಗಿದೆ" ಎಂದರು.

ಹೊರಡುವಾಗ ಆ ಮಗು ಕೈಯೆಲ್ಲ ಮಣ್ಣು ಮಾಡಿಕೊಂಡು ಬಂದು, "ತಾತ, ಕೈ ತೊಳೀಲಾ?" ಎಂದು ಕೇಳಿತು. ಹೂಂ ಎನ್ನುವವರೆಗೆ ಕೈ ಚಾಚಿಕೊಂಡು ನಿಂತೇ ಇತ್ತು.

ಅಕ್ಷರ ದೊಡ್ಡದು ಮಾಡಿಕೊಟ್ಟು ಬಂದೆ. ಬೇರೇನೂ ಹೇಳಲಿಲ್ಲ. ನನ್ನ ಬಾಯಿಗೆ ಏನು ಬಡಿದಿತ್ತೋ.

ಸೆಪ್ಟೆಂಬರ್ ೯, ಮಂಗಳವಾರ

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಟೇಪಣ್ಣನಿಗೆ ಎಲ್ಲ ಹೇಳಿದೆ. ಅವನು ಊಟ ಮುಗಿಯುವವರೆಗೆ ಸುಮ್ಮನಿದ್ದ. ಅದೇ ದೊಡ್ಡ ವಿಷಯ.

"ಹೇಳಿದ್ರೆ ನಿಮ್ಮ ಕುರ್ಚಿ ಹೋಗುತ್ತೆ ಅಕ್ಕ."

"ಗೊತ್ತು."

"ಬರೀ ಕುರ್ಚಿ ಅಲ್ಲ. ವಿಚಾರಣೆ ಅಂತಾರೆ. ನಾಲ್ಕು ವರ್ಷದ್ದು."

"ಅದೂ ಗೊತ್ತು ಕಣಯ್ಯ."

"ಬೇರೆಯವರ ಮನೆ ಜಗಳ. ಇದಿಲ್ದಿದ್ರೆ ಇನ್ನೊಂದಕ್ಕೆ ಮಾಡ್ತಾರೆ. ಉಪ್ಪು ಜಾಸ್ತಿ ಆಯ್ತು ಅಂತ ಮಾಡ್ತಾರೆ."

ನಾನೂ ಇದನ್ನೇ ನನಗೆ ಹತ್ತು ಸಲ ಹೇಳಿಕೊಂಡಿದ್ದೆ. ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. "ಉಪ್ಪು ಅವಳು ಹಾಕೋದು. ಹದಿನೆಂಟು ಹಾಕಿದ್ದು ನಾನು" ಎಂದೆ. ಸ್ವಲ್ಪ ಜೋರಾಗಿಯೇ ಅಂದೆನೇನೋ, ಪಕ್ಕದ ಅಂಗಡಿಯವನು ಇಣುಕಿ ನೋಡಿದ.

ಟೇಪಣ್ಣ ಬೆರಳಿನ ಟೇಪನ್ನು ತಿರುಗಿಸುತ್ತಾ ಕೂತ. ಆಮೇಲೆ ತನ್ನ ಮೊಬೈಲ್ ತೆಗೆದ. ಆಫೀಸಿನ ಫೋನಿನಲ್ಲಿ ತೆಗೆದ ಫೋಟೊಗಳ ಜೊತೆಗೆ, ಗುತ್ತಿಗೆದಾರ ಪ್ರತಿ ಮೀಟರಿನದೂ ಇನ್ನೊಂದು ಫೋಟೊ ಇಟ್ಟುಕೊಳ್ಳಿ ಎಂದಿದ್ದಾನಂತೆ. ಗಾಜು ಒಡೆಯುವ ಮುಂಚಿನ ಡಯಲ್ ಅದರಲ್ಲಿತ್ತು. ಒಂದು, ಐದು, ಏಳು, ಒಂದು. ಮೂಲೆಯಲ್ಲಿ ನನ್ನ ಚಪ್ಪಲಿಯ ತುದಿ.

"ಕಳಿಸ್ತೀನಿ. ನನ್ನ ಹೆಸರು ಮಾತ್ರ ಎತ್ತಬೇಡಿ, ಮೂರು ಮಕ್ಕಳಿದ್ದಾವೆ" ಎಂದ.

ಸೆಪ್ಟೆಂಬರ್ ೧೦, ಬುಧವಾರ

ಕೊನೆಯ ಮೀಟರ್ ಹಾಕಿ ಮುಗಿಯಿತು. ಯಾರೋ ಲಡ್ಡು ಹಂಚಿದರು. ತಿನ್ನಲಿಲ್ಲ.

ಹೊಸ ಸಿಲಿಂಡರ್ ಬಂತು. ತಾರೀಖು ಬರೆಯುವುದು ಮರೆತೇಹೋಯಿತು. ಸೊಸೆ ನೆನಪಿಸಿದಳು. "ಹೋಗಲಿ ಬಿಡು, ಮುಗಿದಾಗ ಗೊತ್ತಾಗುತ್ತೆ" ಎಂದೆ. ಅವಳು ಯಾಕೋ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಸೆಪ್ಟೆಂಬರ್ ೧೧, ಗುರುವಾರ

ಎಂಟು ಗಂಟೆಗೇ ಹೋದೆ. ಬಾಗಿಲಲ್ಲಿ ಒಂದು ಬ್ಯಾಗು ಇತ್ತು. ಅವಳಣ್ಣ ಆಗಲೇ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದ, ತಪ್ಪು ತನ್ನದೇ ಎನ್ನುವ ಹಾಗೆ ತಲೆ ತಗ್ಗಿಸಿಕೊಂಡು. ಮಗ ಪ್ರೆಸ್ಸಿಗೆ ರಜೆ ಹಾಕಿ ಗೋಡೆಗೆ ಒರಗಿ ನಿಂತಿದ್ದ. ಕಂಡಕ್ಟರು, "ಬನ್ನಿ ಮೀಟರಮ್ಮ, ನೀವೂ ಒಂದು ಮಾತು ಹೇಳಿ ಇವರಿಗೆ. ನೀವೇ ಅಲ್ವಾ ರೀಡಿಂಗ್ ಬರೆದವರು" ಎಂದರು.

ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಯಿತು.

"ನಾನು ಬರೆದದ್ದು ಸುಳ್ಳು ಸಾರ್" ಎಂದೆ. "ನಾಲ್ಕು ವರ್ಷದಿಂದ ಆ ಕಲ್ಲು ಎತ್ತಿಲ್ಲ. ಮದುವೆ ತಿಂಗಳ ಹದಿನೆಂಟನ್ನೇ ತಿಂಗಳಾ ತಿಂಗಳಾ ಬರೆದೆ."

ಕಂಡಕ್ಟರು ನಕ್ಕರು. "ಇವಳನ್ನ ಉಳಿಸೋಕೆ ಹೇಳ್ತಿದ್ದೀರ. ಹೆಂಗಸರು ಹೆಂಗಸರು ಒಂದಾಗ್ತೀರಪ್ಪ."

ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ನಾನು ದೊಡ್ಡದು ಮಾಡಿ ತೋರಿಸಿದೆ. ಮದುವೆ ತಿಂಗಳ ಚೀಟಿ, ಕೊನೆಯ ಚೀಟಿ ಎರಡನ್ನೂ ತಂದು ಪಕ್ಕದಲ್ಲಿಟ್ಟುಕೊಂಡು ನೋಡಿದರು. ಒಂದು ಕಾಗದದ ಮೇಲೆ ಕಳೆದರು, ಭಾಗಿಸಿದರು. ಮೂವತ್ತು ವರ್ಷ ಲೆಕ್ಕ ಒಪ್ಪಿಸಿದವರು, ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಏಳೂವರೆ ಎಂದು ಬಂತು. ಮತ್ತೊಮ್ಮೆ ಭಾಗಿಸಿದರು. ಮತ್ತೆ ಏಳೂವರೆ. ಪೆನ್ನು ಕೆಳಗಿಟ್ಟು ಕೂತುಬಿಟ್ಟರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಆಮೇಲೆ ಜೇಬಿನಿಂದ ಕೀ ತೆಗೆದು ಸೊಸೆಯ ಕಡೆ ಚಾಚಿದರು. "ತಗೋಮ್ಮ" ಎಂದರು. ಅವಳು ಕೀ ಮುಟ್ಟಲಿಲ್ಲ. ಮಗ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಕಡೆ ತಿರುಗಿಯೂ ನೋಡದೆ ನನ್ನ ಮುಂದೆ ಬಂದು ನಿಂತಳು.

ನಾನು ಏನನ್ನು ಕಾಯುತ್ತಿದ್ದೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಅತ್ತು ನನ್ನ ಕೈ ಹಿಡಿದುಕೊಳ್ಳುತ್ತಾಳೆ, 'ಬದುಕಿಸಿದಿರಿ' ಎನ್ನುತ್ತಾಳೆ ಎಂದುಕೊಂಡಿದ್ದೆ.

"ಒಂದೇ ಒಂದು ಸಲ ಕಲ್ಲು ಎತ್ತಿದ್ರೆ ಸಾಕಿತ್ತು" ಎಂದಳು. "ನನ್ನ ಕರೆದಿದ್ರೆ ನಾನೇ ಎತ್ತಿ ಕೊಡ್ತಿದ್ದೆ."

"ತಪ್ಪಾಯ್ತಮ್ಮ" ಎಂದೆ.

"ಅದು ಬೇಡ. ಬರೆದುಕೊಡಿ. ಈ ಮನೇಲಿ ಬರೆದದ್ದನ್ನ ಮಾತ್ರ ನಂಬೋದು."

ಒಳಗೆ ಹೋಗಿ ಗಂಡ ಪ್ರೆಸ್ಸಿನಿಂದ ತರುವ ಬಿಳಿ ಹಾಳೆಗಳನ್ನು ತಂದಳು. ಮೇಜಿನ ಮುಂದೆ ಕುರ್ಚಿ ಎಳೆದಳು. ಬರೆದೆ. ಈ ಮನೆಯ ಮೀಟರನ್ನು ನಾನು ನಾಲ್ಕು ವರ್ಷ ನೋಡಿಲ್ಲ. ತಿಂಗಳಿಗೆ ಹದಿನೆಂಟು ಯೂನಿಟ್ ಎಂಬುದು ನಾನು ಕೂತಲ್ಲಿ ಬರೆದದ್ದು. ನಿಜವಾಗಿ ಬಳಸಿದ್ದು ಏಳೂವರೆ. ಈ ಮನೆಯ ಸೊಸೆ ನೀರು ಪೋಲು ಮಾಡಿಲ್ಲ, ಕಳ್ಳ ಕೀ ಮಾಡಿಸಿಲ್ಲ, ಸುಳ್ಳು ಹೇಳಿಲ್ಲ. ಕೆಳಗೆ ಸಹಿ, ನನ್ನ ನೌಕರಿ ನಂಬರು, ತಾರೀಖು. ಅವಳು ಓದಿ, ಕಂಡಕ್ಟರ ಮುಂದಿಟ್ಟಳು. "ಇದು ನಿಮಗೆ ಮಾವ. ಬೇಕಾದ್ರೆ ಆಫೀಸಿಗೂ ತೋರಿಸಿ."

"ತೋರಿಸಿ ಸಾರ್" ಎಂದೆ ನಾನೂ. ಆ ತಿರುಗುವ ಕುರ್ಚಿ, ಕಾಲಿಡುವ ಹಲಗೆ ಕಣ್ಣ ಮುಂದೆ ಬಂದು ಹೋಯಿತು. ಬೇಜಾರಾಗಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಎದ್ದೆ. "ಕೂತ್ಕೊಳ್ಳಿ, ಇನ್ನೊಂದು ಬರೀರಿ" ಎಂದಳು. "ನಮ್ಮಮ್ಮನಿಗೆ. ಫೋನಲ್ಲಿ ಪ್ರತಿ ಸಲ, ನೀರು ನೋಡಿಕೊಂಡು ಬಳಸೇ, ನಮ್ಮ ಮಾನ ತೆಗೀಬೇಡ ಅಂತ ಅಳ್ತಾಳೆ." ಅವಳಣ್ಣ ಇನ್ನಷ್ಟು ತಲೆ ತಗ್ಗಿಸಿದ. ಇನ್ನೊಂದು ಬರೆದೆ. ಅದನ್ನು ಮಡಿಚಿ ಅಣ್ಣನ ಕೈಗೆ ಕೊಟ್ಟಳು. "ಇವತ್ತು ನಾನೇ ಬರ್ತೀನಿ ಕಣೋ, ಮಗೂನೂ ಕರ್ಕೊಂಡು. ನಾಲ್ಕು ದಿನ ಇದ್ದು ಬರ್ತೀನಿ. ಯಾರೂ ಕಳಿಸೋದು ಬೇಡ" ಎಂದಳು.

ಮತ್ತೆ ಏಳಲು ಹೋದೆ. ಅವಳು ಮೂರನೆಯ ಹಾಳೆ ಮುಂದಿಟ್ಟಳು.

"ಇದು ಯಾರಿಗಮ್ಮ?"

ಅವಳು ಪೆನ್ನನ್ನು ನನ್ನ ಕಡೆ ಸರಿಸಿದಳು.

"ನನಗೆ" ಎಂದಳು. "ಎಲ್ಲರೂ ಹೇಳಿ ಹೇಳಿ, ನಾನೂ ನಂಬಿಬಿಟ್ಟಿದ್ದೆ. ಎಲ್ಲೋ ಗೊತ್ತಿಲ್ಲದೆ ಚೆಲ್ತಾ ಇದ್ದೀನಿ ಅಂತ ದಿನಾ ಹತ್ತು ಸಲ ನಲ್ಲಿ ಮುಟ್ಟಿ ಮುಟ್ಟಿ ನೋಡ್ತಿದ್ದೆ."

ನಾನು ಪೆನ್ನು ತೆಗೆದುಕೊಂಡೆ. ಮೂರನೆಯದನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಬರೆದೆ. ಅವಳು ಪಕ್ಕದಲ್ಲಿ ನಿಂತು ಕೊನೆಯ ಸಾಲಿನವರೆಗೂ ನೋಡುತ್ತಲೇ ಇದ್ದಳು.